ಕೆಡಿಸಿ ನೋಡುವ ವಿದ್ಯೆ: ಜೀನ್‌ಗಳ ಕೆಲಸ ನಮಗೆ ಗೊತ್ತಾದ ಬಗೆ

ಹಣ್ಣಿನ ನೊಣದಲ್ಲಿ ಒಂದು ಜೀನ್ ಇದೆ. ಅದರ ಹೆಸರು 'ವೈಟ್', ಅಂದರೆ ಬಿಳಿ. ಈ ಜೀನ್ ಸರಿಯಾಗಿದ್ದರೆ ನೊಣದ ಕಣ್ಣು ಯಾವ ಬಣ್ಣಕ್ಕಿರುತ್ತದೆ ಹೇಳಿ? ಬಿಳಿ ಅಂತ ಅಂದುಕೊಂಡಿರಿ, ಅಲ್ವಾ? ಅಲ್ಲ, ಕೆಂಪು. ಇನ್ನೊಂದು ಜೀನ್ ಹೆಸರು 'ಐಲೆಸ್', ಕಣ್ಣಿಲ್ಲದ್ದು ಅಂತ ಅರ್ಥ. ಅದು ಸರಿಯಾಗಿದ್ದರೇನೇ ನೊಣಕ್ಕೆ ಕಣ್ಣು ಮೂಡುವುದು. ರೆಕ್ಕೆ ಬೆಳೆಯಬೇಕಾದರೆ 'ವಿಂಗ್‌ಲೆಸ್' ಎಂಬ ಜೀನ್ ಬೇಕು, ಅಂದರೆ ರೆಕ್ಕೆ ಇಲ್ಲದ್ದು. ಮೊದಲ ಸಲ ಕೇಳಿದವರಿಗೆ ಯಾರೋ ಬೇಕಂತಲೇ ಉಲ್ಟಾ ಹೆಸರಿಟ್ಟಿದ್ದಾರೆ ಅನ್ನಿಸುತ್ತದೆ.

ಹಾಗೇನಿಲ್ಲ. ಜೀನ್ ನೆಟ್ಟಗೆ ಕೆಲಸ ಮಾಡುತ್ತಿರುವಾಗ ಅದು ಅಲ್ಲಿದೆ ಅಂತಲೇ ನಮಗೆ ತಿಳಿಯುವುದಿಲ್ಲ. ಕೆಟ್ಟಾಗ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಕೆಟ್ಟಾಗ ಏನು ಕಂಡಿತೋ ಅದೇ ಹೆಸರಾಯಿತು. ಜೀನ್‌ಗಳ ಬಗ್ಗೆ ನೂರು ವರ್ಷಗಳಲ್ಲಿ ನಾವು ಕಲಿತದ್ದರಲ್ಲಿ ಬಹುಪಾಲು ಬಂದದ್ದು ಹೀಗೇ. ಒಂದನ್ನು ಕೆಡಿಸುವುದು, ಯಾವುದು ನಿಂತುಹೋಯಿತು ಅಂತ ನೋಡುವುದು, ಅಲ್ಲಿಂದ ಹಿಂದಕ್ಕೆ ಯೋಚಿಸುತ್ತಾ ಹೋಗುವುದು. ಇವತ್ತಿನ ಮಾತು ಈ ವಿದ್ಯೆಯ ಬಗ್ಗೆ. ಅದು ಎಲ್ಲೆಲ್ಲಿ ದಾರಿ ತಪ್ಪಿಸುತ್ತದೆ ಎಂಬುದರ ಬಗ್ಗೆಯೂ.

'ವೈಟ್' ಕಥೆಯಿಂದಲೇ ಶುರುಮಾಡೋಣ. 1910. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ಕೋಣೆ. ಥಾಮಸ್ ಹಂಟ್ ಮಾರ್ಗನ್ ಅಲ್ಲಿ ಹಾಲಿನ ಖಾಲಿ ಬಾಟಲಿಗಳಲ್ಲಿ ಹಣ್ಣಿನ ನೊಣ ಸಾಕುತ್ತಿದ್ದರು. ಒಂದು ದಿನ ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿ ಕಣ್ಣಿನ ಒಂದೇ ಒಂದು ಗಂಡು ಸಿಕ್ಕಿತು. ಅದನ್ನು ಕೆಂಪು ಕಣ್ಣಿನ ಹೆಣ್ಣಿನ ಜೊತೆ ಬಿಟ್ಟರು. ಮಕ್ಕಳೆಲ್ಲ ಹೆಚ್ಚುಕಡಿಮೆ ಕೆಂಪು ಕಣ್ಣಿನವೇ. ಮೊಮ್ಮಕ್ಕಳ ಕಾಲಕ್ಕೆ ಲೆಕ್ಕ ಹೀಗಿತ್ತು: ಕೆಂಪು ಕಣ್ಣಿನ ಹೆಣ್ಣು 2459, ಕೆಂಪು ಕಣ್ಣಿನ ಗಂಡು 1011, ಬಿಳಿ ಕಣ್ಣಿನ ಗಂಡು 782. ಬಿಳಿ ಕಣ್ಣಿನ ಹೆಣ್ಣು ಒಂದೂ ಇಲ್ಲ.

ನಾಲ್ಕು ಸಾವಿರಕ್ಕೂ ಜಾಸ್ತಿ ನೊಣಗಳ ಕಣ್ಣನ್ನು ಒಂದೊಂದಾಗಿ ನೋಡಿ ಬರೆದಿಟ್ಟ ತಾಳ್ಮೆಯನ್ನು ಸ್ವಲ್ಪ ಊಹಿಸಿ. ಆದರೆ ಆ ಲೆಕ್ಕದಿಂದಲೇ ಉತ್ತರ ಹೊರಬಿತ್ತು. ಹೆಣ್ಣಿಗೆ ಎಕ್ಸ್ ವರ್ಣತಂತು ಎರಡು, ಗಂಡಿಗೆ ಒಂದೇ. ಈ ಜೀನ್ ಎಕ್ಸ್ ಮೇಲೆ ಕೂತಿದ್ದರೆ ಗಂಡಿಗೆ ಇನ್ನೊಂದು ಪ್ರತಿ ಇರುವುದಿಲ್ಲ. ಇರುವ ಒಂದು ಕೆಟ್ಟರೆ ಮುಗಿಯಿತು. ಜೀನ್ ಎಂಬುದು ಬರೀ ಲೆಕ್ಕದ ಕಲ್ಪನೆ ಅಲ್ಲ, ಇಂಥದ್ದೇ ವರ್ಣತಂತುವಿನ ಮೇಲೆ ಅದಕ್ಕೊಂದು ಜಾಗ ಇದೆ ಅಂತ ತೋರಿಸಿದ್ದು ಒಂದು ಕೆಟ್ಟ ಕಣ್ಣು.

ಇನ್ನೊಂದು ಮಾತು. ಆ ಜೀನ್ ನಿಜಕ್ಕೂ ಏನು ಮಾಡುತ್ತದೆ ಅಂತ ಗೊತ್ತಾಗಿದ್ದು ಎಷ್ಟೋ ದಶಕಗಳ ನಂತರ. ಅದು ಕೆಂಪು ಬಣ್ಣವನ್ನೇನೂ ತಯಾರಿಸುವುದಿಲ್ಲ. ಬಣ್ಣಕ್ಕೆ ಬೇಕಾದ ಕಚ್ಚಾ ವಸ್ತುವನ್ನು ಕೋಶದೊಳಗೆ ಸಾಗಿಸುವ ಒಂದು ಪಂಪು ಅದು, ಅಷ್ಟೇ. 'ಕಣ್ಣಿನ ಬಣ್ಣದ ಜೀನ್' ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಒಳಗೆ ಹೋಗಿ ನೋಡಿದರೆ ಅಲ್ಲಿರುವುದು ಸಾಮಾನು ಹೊರುವ ಕೂಲಿ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೆ ಬರುತ್ತೇನೆ.

ಈಗ ಜೀನ್ ಅಂದರೇನು ಅಂತ ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ನಿಮ್ಮಲ್ಲಿ ಬಹಳ ಜನ ಶಾಲೆಯಲ್ಲಿ ಓದಿದ್ದೀರಿ. ಡಿಎನ್‌ಎ ಒಂದು ಉದ್ದನೆಯ ದಾರ. ಅದರಲ್ಲಿ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಎರಡು ಎಳೆ ಹೆಣೆದುಕೊಂಡಿವೆ. ಎ ಎದುರಿಗೆ ಯಾವಾಗಲೂ ಟಿ, ಜಿ ಎದುರಿಗೆ ಸಿ. ಮನುಷ್ಯನ ಒಂದು ಪೂರ್ತಿ ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು. ಎರಡನ್ನೂ ಬಿಡಿಸಿ ಎಳೆದರೆ ಒಂದು ಕೋಶದಲ್ಲಿ ಸುಮಾರು 2 ಮೀಟರ್ ದಾರ. ಅದೆಲ್ಲ ಮಡಿಚಿ ಕೂತಿರುವುದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೂ ಅಗಲವಿಲ್ಲದ ಜಾಗದಲ್ಲಿ.

ಈ ದಾರದ ಅಲ್ಲಲ್ಲಿ ಇರುವ ತುಂಡುಗಳೇ ಜೀನ್‌ಗಳು. ಬೇಕಾದಾಗ ಕೋಶ ಆ ತುಂಡನ್ನು ಆರ್‌ಎನ್‌ಎ ಎಂಬ ಚೀಟಿಗೆ ನಕಲು ಮಾಡಿಕೊಳ್ಳುತ್ತದೆ. ಆ ಚೀಟಿಯನ್ನು ರೈಬೋಸೋಮ್ ಎಂಬ ಯಂತ್ರ ಓದಿ, ಅದರಂತೆ ಅಮೈನೋ ಆಮ್ಲಗಳನ್ನು ಒಂದರ ಹಿಂದೆ ಒಂದು ಪೋಣಿಸಿ ಪ್ರೋಟೀನ್ ಮಾಡುತ್ತದೆ. ಪ್ರೋಟೀನ್ ಮಾಡುವ ಜೀನ್‌ಗಳು ನಮ್ಮಲ್ಲಿ ಸುಮಾರು 20,000. ಇಡೀ ದಾರದಲ್ಲಿ ಪ್ರೋಟೀನಿನ ಬರಹ ಇರುವುದು ನೂರಕ್ಕೆ ಒಂದೆರಡು ಪಾಲಿನಲ್ಲಿ ಮಾತ್ರ. ಉಳಿದದ್ದರಲ್ಲಿ ಏನಿದೆ ಎಂಬುದಕ್ಕೆ ಒಂದು ಭಾಗ ಉತ್ತರ ಕೊನೆಯಲ್ಲಿ ಬರುತ್ತದೆ.

ಇಲ್ಲಿ ಒಂದು ಪ್ರಶ್ನೆ. ಆ ಯಂತ್ರ ಅಕ್ಷರಗಳನ್ನು ಎಷ್ಟೆಷ್ಟಾಗಿ ಓದುತ್ತದೆ? ಎರಡೆರಡಾಗಿಯೋ, ಮೂರು ಮೂರಾಗಿಯೋ? ಕಣ್ಣಿನಿಂದ ನೋಡಲು ಆಗುವುದಿಲ್ಲ. 1961ರಲ್ಲಿ ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಕ್ರಿಕ್, ಸಿಡ್ನಿ ಬ್ರೆನರ್ ಮತ್ತು ಜೊತೆಗಾರರು ಇದಕ್ಕೆ ಉತ್ತರ ಕಂಡುಕೊಂಡರು. ಹೇಗೆ? ಕೆಡಿಸಿಯೇ.

ಒಂದು ವಾಕ್ಯ ಹೇಳುತ್ತೇನೆ. 'ನರಿಯು ಮರದ ಕೆಳಗೆ ಮಲಗಿ ಕನಸು ಕಂಡಿತು.' ಎಣಿಸಿ ನೋಡಿ, ಪ್ರತಿ ಪದದಲ್ಲೂ ಮೂರೇ ಅಕ್ಷರ. ಈಗ ಇದನ್ನು ಓದುವವನಿಗೆ ಪದದ ನಡುವಿನ ಜಾಗ ಕಾಣುವುದಿಲ್ಲ ಅಂದುಕೊಳ್ಳಿ. ಮೊದಲಿನಿಂದ ಮೂರು ಮೂರು ಅಕ್ಷರ ತೆಗೆದುಕೊಂಡು ಹೋಗುವುದಷ್ಟೇ ಅವನಿಗೆ ಗೊತ್ತು. 'ರಿ' ಒಂದನ್ನು ಅಳಿಸಿಬಿಟ್ಟರೆ ಅವನು ಓದುವುದು ಹೀಗೆ: 'ನಯುಮ ರದಕೆ ಳಗೆಮ ಲಗಿಕ ನಸುಕಂ ಡಿತು.' ಒಂದೇ ಅಕ್ಷರ ಹೋಯಿತು, ಅಲ್ಲಿಂದಾಚೆ ಒಂದು ಪದಕ್ಕೂ ಅರ್ಥವಿಲ್ಲ. ಎರಡು ಅಳಿಸಿದರೂ ಇದೇ ಗತಿ. ಮೂರು ಅಳಿಸಿ ನೋಡಿ. 'ರಿ', 'ಮ', 'ದ' ಮೂರನ್ನೂ ತೆಗೆದರೆ: 'ನಯುರ ಕೆಳಗೆ ಮಲಗಿ ಕನಸು ಕಂಡಿತು.' ಮೊದಲ ತುಂಡು ಕೆಟ್ಟಿದೆ, ಆದರೆ ಮುಂದಿನದೆಲ್ಲ ಮತ್ತೆ ಸರಿ!

ಅವರು ಮಾಡಿದ್ದೂ ಇದನ್ನೇ. ಬ್ಯಾಕ್ಟೀರಿಯವನ್ನು ಕೊಲ್ಲುವ ಒಂದು ವೈರಸ್ ತೆಗೆದುಕೊಂಡರು. ಅಕ್ಷರ ಬಿಟ್ಟುಹೋಗುವಂತೆ ಅಥವಾ ಸೇರಿಕೊಳ್ಳುವಂತೆ ಮಾಡುವ ಒಂದು ರಾಸಾಯನಿಕ ಹಾಕಿದರು. ಒಂದು ಅಕ್ಷರದ ತಪ್ಪಿದ್ದರೆ ಜೀನ್ ಕೆಟ್ಟಿತು. ಒಂದೇ ಬಗೆಯ ಎರಡು ತಪ್ಪು ಸೇರಿಸಿದರೂ ಕೆಟ್ಟೇ ಇತ್ತು. ಮೂರು ಸೇರಿಸಿದಾಗ ಜೀನ್ ಮತ್ತೆ ಕೆಲಸ ಶುರುಮಾಡಿತು. ಅಂದರೆ ಓದುವುದು ಮೂರು ಮೂರಾಗಿ. ಯಾವ ದೊಡ್ಡ ಯಂತ್ರವೂ ಇಲ್ಲ. ತಟ್ಟೆಯ ಮೇಲೆ ಬೆಳೆದ ಬ್ಯಾಕ್ಟೀರಿಯದ ಪದರದಲ್ಲಿ ವೈರಸ್ ಮಾಡಿದ ತೂತುಗಳನ್ನು ನೋಡುತ್ತಾ ಇಷ್ಟು ತಿಳಿದುಕೊಂಡರು. ನನ್ನ ಮಟ್ಟಿಗೆ ಜೀವವಿಜ್ಞಾನದಲ್ಲಿ ಇದಕ್ಕಿಂತ ಚೆಂದದ ಪ್ರಯೋಗ ಇನ್ನೊಂದಿಲ್ಲ.

ಯಾವ ಮೂರಕ್ಷರಕ್ಕೆ ಯಾವ ಅಮೈನೋ ಆಮ್ಲ ಎಂಬುದನ್ನು ಅದೇ ವರ್ಷ ಮಾರ್ಷಲ್ ನೀರೆನ್‌ಬರ್ಗ್ ಮತ್ತು ಹೈನ್ರಿಕ್ ಮತ್ತೈ ಬಿಡಿಸಲು ಶುರುಮಾಡಿದರು. ಹರಗೋಬಿಂದ್ ಖುರಾನಾ ಅವರು ಬೇಕಾದ ಕ್ರಮದಲ್ಲಿ ಅಕ್ಷರ ಜೋಡಿಸಿ ಆರ್‌ಎನ್‌ಎ ತಯಾರಿಸುವ ಕೆಲಸ ಮಾಡಿದರು. 1966ರ ಹೊತ್ತಿಗೆ 64 ಪದಗಳ ಪಟ್ಟಿ ಪೂರ್ತಿಯಾಯಿತು. ಅದರಲ್ಲಿ 61 ಪದಗಳು ಅಮೈನೋ ಆಮ್ಲಕ್ಕೆ, ಮೂರು 'ಇಲ್ಲಿಗೆ ನಿಲ್ಲಿಸು' ಅನ್ನುವುದಕ್ಕೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮಾರ್ಗನ್ ಕೆಟ್ಟದ್ದು ತಾನಾಗಿ ಸಿಗಲಿ ಅಂತ ಕಾದರು. ಜಾರ್ಜ್ ಬೀಡಲ್ ಮತ್ತು ಎಡ್ವರ್ಡ್ ಟೇಟಮ್ ಕಾಯಲಿಲ್ಲ. ತಾವೇ ಕೆಡಿಸಿದರು. ಸ್ಟ್ಯಾನ್‌ಫರ್ಡ್‌ನಲ್ಲಿ, 1941ರಲ್ಲಿ. ಅವರು ಆರಿಸಿಕೊಂಡದ್ದು ನ್ಯೂರೋಸ್ಪೋರ ಎಂಬ ಬೂಷ್ಟನ್ನು. ಈ ಬೂಷ್ಟು ಬಹಳ ಸ್ವಾವಲಂಬಿ. ಸಕ್ಕರೆ, ಒಂದಿಷ್ಟು ಲವಣ, ಬಯೋಟಿನ್ ಎಂಬ ಒಂದು ವಿಟಮಿನ್ ಕೊಟ್ಟರೆ ಸಾಕು. ಉಳಿದ ವಿಟಮಿನ್, ಅಮೈನೋ ಆಮ್ಲ ಎಲ್ಲವನ್ನೂ ತಾನೇ ತಯಾರಿಸಿಕೊಳ್ಳುತ್ತದೆ.

ಅದರ ಮೇಲೆ ಎಕ್ಸ್-ರೇ ಬಿಟ್ಟರು. ಆಮೇಲೆ ಒಂದೊಂದು ಬೀಜಕಣವನ್ನೂ ಬೇರೆ ಬೇರೆ ಕೊಳವೆಯಲ್ಲಿ, ಎಲ್ಲ ಪೋಷಕಾಂಶ ಇರುವ ಆಹಾರದ ಮೇಲೆ ಬೆಳೆಸಿದರು. ಅಲ್ಲಿ ಚೆನ್ನಾಗಿ ಬೆಳೆದದ್ದನ್ನು ಬರೀ ಸಕ್ಕರೆ-ಲವಣ-ಬಯೋಟಿನ್ ಇರುವ ಕಡೆಗೆ ಸಾಗಿಸಿ ನೋಡಿದರು. ಬೆಳೆದರೆ ಅದರಲ್ಲಿ ಏನೂ ಕೆಟ್ಟಿಲ್ಲ. ಬೆಳೆಯದಿದ್ದರೆ ಏನೋ ಒಂದನ್ನು ತಯಾರಿಸುವ ಶಕ್ತಿ ಹೋಗಿದೆ. ಯಾವುದನ್ನು? ಒಂದೊಂದೇ ಪೋಷಕಾಂಶ ಸೇರಿಸುತ್ತಾ ಹೋದರೆ ಗೊತ್ತಾಗುತ್ತದೆ. ಒಂದಲ್ಲ, ಹತ್ತಲ್ಲ, 298 ಕೊಳವೆಗಳು ಸುಮ್ನೆ ಬೆಳೆದುಬಿಟ್ಟವು. 299ನೆಯದು ಬೆಳೆಯಲಿಲ್ಲ. ಅದಕ್ಕೆ ವಿಟಮಿನ್ ಬಿ6 ಕೊಟ್ಟಾಗ ಬೆಳೆಯಿತು.

ಇದರ ನಿಜವಾದ ಸೊಗಸು ಗೊತ್ತಾಗುವುದು ಮುಂದೆ ಆರ್ಜಿನೀನ್ ವಿಷಯದಲ್ಲಿ. ಆರ್ಜಿನೀನ್ ಒಂದು ಅಮೈನೋ ಆಮ್ಲ. ಅದು ಇಲ್ಲದೆ ಬೆಳೆಯಲಾರದ ಹಲವು ಬೂಷ್ಟುಗಳು ಸಿಕ್ಕವು. ಎಲ್ಲವೂ ಹೊರಗಿನಿಂದ ನೋಡಲು ಒಂದೇ. ಆದರೆ ಆರ್ಜಿನೀನ್ ಬದಲು ಸಿಟ್ರುಲೀನ್ ಕೊಟ್ಟರೆ ಕೆಲವು ಬೆಳೆದವು, ಕೆಲವು ಇಲ್ಲ. ಆರ್ನಿಥೀನ್ ಕೊಟ್ಟರೆ ಇನ್ನೂ ಕಡಿಮೆ ಬೆಳೆದವು. ಇದರಿಂದ ಏನು ಹೇಳಬಹುದು, ಯೋಚಿಸಿ. ಕೋಶದೊಳಗೆ ಆರ್ನಿಥೀನ್ ಮೊದಲು ಸಿಟ್ರುಲೀನ್ ಆಗುತ್ತದೆ, ಸಿಟ್ರುಲೀನ್ ಮುಂದೆ ಆರ್ಜಿನೀನ್ ಆಗುತ್ತದೆ. ಮೂರು ನಿಲ್ದಾಣದ ದಾರಿ. ದಾರಿಯ ಕೊನೆಯಲ್ಲಿ ಸೇತುವೆ ಮುರಿದಿದ್ದರೆ ಹಿಂದಿನ ನಿಲ್ದಾಣಗಳಲ್ಲಿ ಎಷ್ಟು ಸಾಮಾನು ಇಳಿಸಿದರೂ ಊರು ತಲುಪುವುದಿಲ್ಲ. ಮೊದಲಲ್ಲೇ ಮುರಿದಿದ್ದರೆ ನಡುವಿನ ಯಾವ ನಿಲ್ದಾಣಕ್ಕೆ ತಂದುಕೊಟ್ಟರೂ ನಡೆಯುತ್ತದೆ. ಯಾವ ಬೂಷ್ಟಿಗೆ ಏನು ಕೊಟ್ಟರೆ ಸಾಕಾಯಿತು ಎಂಬುದರಿಂದ ಯಾವ ಸೇತುವೆ ಮುರಿದಿದೆ ಎಂಬುದು ತಿಳಿಯಿತು. ಪ್ರತಿ ಸೇತುವೆಯೂ ಒಂದು ಕಿಣ್ವ, ಅಂದರೆ ಒಂದು ವಸ್ತುವನ್ನು ಇನ್ನೊಂದಾಗಿ ಮಾಡುವ ಪ್ರೋಟೀನ್. ಪ್ರತಿ ಕಿಣ್ವಕ್ಕೂ ಒಂದು ಜೀನ್. ಈ ಸೂತ್ರಕ್ಕೆ ಆಮೇಲೆ ತಿದ್ದುಪಡಿಗಳು ಬಂದವು. ಆದರೆ ಜೀನ್ ಕೆಲಸ ಮಾಡುವುದು ಪ್ರೋಟೀನ್ ಮೂಲಕ ಎಂಬುದು ಅಲ್ಲಿಂದ ಗಟ್ಟಿಯಾಯಿತು. 1958ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಹಾಗಾದರೆ ಎಲ್ಲ ಜೀನ್‌ಗಳನ್ನೂ ಒಂದೊಂದಾಗಿ ಕೆಡಿಸಿ ಪಟ್ಟಿ ಮಾಡಿಬಿಟ್ಟರೆ ಮುಗಿಯಿತಲ್ಲ ಅಂತ ನಿಮಗೆ ಅನ್ನಿಸಬಹುದು. ಯೀಸ್ಟ್‌ನಲ್ಲಿ ಅದನ್ನು ಮಾಡಿಯೂ ಆಯಿತು. ಅದರಲ್ಲಿ ಸುಮಾರು 6,000 ಜೀನ್‌ಗಳು. ಒಂದೊಂದನ್ನೇ ತೆಗೆದು ನೋಡಿದರೆ, ಒಳ್ಳೆಯ ಆಹಾರ ಕೊಟ್ಟಿರುವಾಗ, ಯೀಸ್ಟ್ ಸಾಯುವುದು ಸಾವಿರದಷ್ಟು ಜೀನ್‌ಗಳಿಗೆ ಮಾತ್ರ. ಮಿಕ್ಕವುಗಳಲ್ಲಿ ಯಾವ ಒಂದು ಹೋದರೂ ಅದು ಬದುಕಿಕೊಳ್ಳುತ್ತದೆ. ನಾನೂ ಹಿಂದೆ ಒಂದು ಜೀನ್ ತೆಗೆದು ತಿಂಗಳುಗಟ್ಟಲೆ ಏನಾದರೂ ಆಗುತ್ತದೆ ಅಂತ ಕಾದಿದ್ದೆ. ಏನೂ ಆಗಲಿಲ್ಲ. ಆ ನೋಟ್‌ಬುಕ್ಕಿನಲ್ಲಿ ಪುಟಪುಟಕ್ಕೂ 'ವ್ಯತ್ಯಾಸವಿಲ್ಲ' ಅಂತಲೇ ಇದೆ.

ಇದಕ್ಕಿಂತ ಒಳ್ಳೆಯ ಉದಾಹರಣೆ ಇಲಿಯದು. ಇಲಿಯಲ್ಲಿ ಬೇಕಾದ ಜೀನ್ ಒಂದನ್ನೇ ಗುರಿಯಿಟ್ಟು ಕೆಡಿಸುವುದು 1980ರ ದಶಕದ ಕೊನೆಗೆ ಕೈಗೆ ಬಂತು. ಸ್ನಾಯುವಿನಲ್ಲಿ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಇದೆ. ಆಮ್ಲಜನಕ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ ಅಂತ ಎಲ್ಲ ಪುಸ್ತಕದಲ್ಲೂ ಇದೆ. 1998ರಲ್ಲಿ ಮಯೋಗ್ಲೋಬಿನ್ ಇಲ್ಲದ ಇಲಿ ಮಾಡಿದರು. ಅದು ಆರಾಮಾಗಿ ಓಡಾಡಿಕೊಂಡಿತ್ತು, ಮರಿಯನ್ನೂ ಹಾಕಿತು. ಹಾಗಂತ ಮಯೋಗ್ಲೋಬಿನ್ ದಂಡ ಅಂತಲ್ಲ. ಅದು ಇಲ್ಲದ್ದಕ್ಕೆ ದೇಹವೇ ಬೇರೆ ಏರ್ಪಾಡು ಮಾಡಿಕೊಂಡಿತ್ತು ಅಂತ ಆಮೇಲೆ ತಿಳಿಯಿತು. ಕೆಡಿಸಿದಾಗ ಏನೂ ಆಗಲಿಲ್ಲ ಅಂದರೆ ಆ ಜೀನ್‌ಗೆ ಕೆಲಸವಿಲ್ಲ ಅಂತ ಅಲ್ಲ.

ತಿರುಗಿಸಿ ನೋಡಿದರೂ ತೊಂದರೆಯೇ. ಮನೆಯಲ್ಲಿ ಫ್ಯೂಸ್ ತೆಗೆದರೆ ದೀಪ ಆರುತ್ತದೆ. ಹಾಗಂತ ಬೆಳಕು ಕೊಡುವುದು ಫ್ಯೂಸ್ ಅಂತ ಯಾರೂ ಹೇಳುವುದಿಲ್ಲ. ಆದರೆ ಜೀನ್ ವಿಷಯದಲ್ಲಿ ನಾವು ದಿನವೂ ಹೀಗೆ ಹೇಳುತ್ತೇವೆ. 'ಎತ್ತರದ ಜೀನ್ ಸಿಕ್ಕಿತು', 'ಬುದ್ಧಿಯ ಜೀನ್ ಸಿಕ್ಕಿತು' ಎಂಬ ತಲೆಬರಹ ಓದಿರುತ್ತೀರಿ. ಎತ್ತರದ ಮೇಲೆ ಒಂದಿಷ್ಟು ಪ್ರಭಾವ ಬೀರುವ ಜಾಗಗಳು ನಮ್ಮ ಡಿಎನ್‌ಎಯಲ್ಲಿ ಸಾವಿರಾರು ಇವೆ. ಒಂದೊಂದರದ್ದೂ ಎಳ್ಳಷ್ಟು ಪಾಲು. ಆಗಲೇ ಹೇಳಿದ ಕೂಲಿಯ ಮಾತು ನೆನಪಿಸಿಕೊಳ್ಳಿ.

ಈಗ ಬಹಳ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ನಿಮ್ಮ ಚರ್ಮದ ಕೋಶದಲ್ಲೂ ಮೆದುಳಿನ ಕೋಶದಲ್ಲೂ ಇರುವುದು ಒಂದೇ ಡಿಎನ್‌ಎ. ಜಾನ್ ಗರ್ಡನ್ 1962ರಲ್ಲಿ ಕಪ್ಪೆಯ ಗೊದಮೊಟ್ಟೆಯ ಕರುಳಿನ ಕೋಶದಿಂದ ಕೋಶಕೇಂದ್ರ ತೆಗೆದು, ತನ್ನದನ್ನು ಕಳೆದುಕೊಂಡಿದ್ದ ಮೊಟ್ಟೆಯೊಳಗೆ ಇಟ್ಟರು. ಕೆಲವು ಮೊಟ್ಟೆಗಳಿಂದ ಪೂರ್ತಿ ಕಪ್ಪೆಯೇ ಬಂತು. ಅಂದರೆ ಕರುಳಿನ ಕೋಶ ಕಣ್ಣು ಕಾಲು ಮಾಡುವ ಜೀನ್‌ಗಳನ್ನು ಕಳೆದುಕೊಂಡಿರಲಿಲ್ಲ. ಸುಮ್ಮನೆ ಮುಚ್ಚಿಟ್ಟಿತ್ತು. ಹಾಗಾದರೆ ಮುಚ್ಚುವುದು ಯಾರು, ತೆರೆಯುವುದು ಯಾರು?

ಇದಕ್ಕೆ ಮೊದಲ ಉತ್ತರ ಕಪ್ಪೆಯಲ್ಲಿ ಸಿಗಲಿಲ್ಲ, ಬ್ಯಾಕ್ಟೀರಿಯದಲ್ಲಿ ಸಿಕ್ಕಿತು. ಪ್ಯಾರಿಸ್‌ನಲ್ಲಿ ಜಾಕ್ ಮೊನೋ ಎಂಬವರಿದ್ದರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ವಿರುದ್ಧ ಗುಪ್ತವಾಗಿ ಹೋರಾಡಿದವರು, ಸಂಗೀತವನ್ನೂ ಬಲ್ಲವರು. ಅವರ ಜೀವನವೇ ಬೇರೊಂದು ಉಪನ್ಯಾಸಕ್ಕೆ ಆಗುವಷ್ಟಿದೆ, ಇವತ್ತು ಬೇಡ. ಅವರು ಗಮನಿಸಿದ್ದು ಇಷ್ಟು. ಈ-ಕೋಲೈ ಬ್ಯಾಕ್ಟೀರಿಯಕ್ಕೆ ಗ್ಲೂಕೋಸ್ ಮತ್ತು ಲ್ಯಾಕ್ಟೋಸ್ ಎರಡೂ ಸಕ್ಕರೆ ಕೊಟ್ಟರೆ ಅದು ಮೊದಲು ಗ್ಲೂಕೋಸ್ ತಿಂದು ಬೆಳೆಯುತ್ತದೆ. ಅದು ಮುಗಿದಾಗ ಬೆಳವಣಿಗೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ ಲ್ಯಾಕ್ಟೋಸ್ ತಿನ್ನಲು ಶುರುಮಾಡುತ್ತದೆ. ನಡುವಿನ ಆ ಬಿಡುವಿನಲ್ಲಿ ಏನಾಗುತ್ತಿತ್ತು? ಲ್ಯಾಕ್ಟೋಸ್ ಒಡೆಯುವ ಕಿಣ್ವ ತಯಾರಾಗುತ್ತಿತ್ತು. ಲ್ಯಾಕ್ಟೋಸ್ ಇಲ್ಲದಾಗ ಒಂದು ಕೋಶದಲ್ಲಿ ಆ ಕಿಣ್ವದ ಅಣು ಬೆರಳೆಣಿಕೆಯಷ್ಟು. ಇದ್ದಾಗ ಸಾವಿರಾರು.

ಮೊನೋ ಜೊತೆಗೆ ಫ್ರಾನ್ಸ್ವಾ ಜಾಕೋಬ್ ಸೇರಿಕೊಂಡರು. ಇಲ್ಲೂ ಕೆಟ್ಟ ಬ್ಯಾಕ್ಟೀರಿಯಗಳೇ ದಾರಿ ತೋರಿಸಿದ್ದು. ಕೆಲವು ಲ್ಯಾಕ್ಟೋಸ್ ಇರಲಿ ಬಿಡಲಿ ಆ ಕಿಣ್ವವನ್ನು ತಯಾರಿಸುತ್ತಲೇ ಇದ್ದವು. ಇದು ಕೆಟ್ಟದ್ದರಲ್ಲೂ ವಿಚಿತ್ರ. ಇಲ್ಲಿ ಏನೂ ನಿಂತುಹೋಗಿಲ್ಲ, ಬದಲಿಗೆ ನಿಲ್ಲುವುದೇ ಹೋಗಿಬಿಟ್ಟಿದೆ. ಎರಡು ಊಹೆ ಮಾಡಬಹುದಿತ್ತು. ಕೆಟ್ಟ ಜೀನ್ ತಾನೇ ಏನೋ ಒಂದು 'ಶುರುಮಾಡು' ಎಂಬ ಸೂಚನೆ ಕೊಡುತ್ತಿರಬಹುದು. ಅಥವಾ ಸರಿಯಿರುವ ಜೀನ್ 'ನಿಲ್ಲಿಸು' ಎನ್ನುತ್ತಿತ್ತು, ಈಗ ಹೇಳುವವರಿಲ್ಲ.

ಆರ್ಥರ್ ಪಾರ್ಡಿ ಎಂಬವರೂ ಸೇರಿ ಮಾಡಿದ ಪ್ರಯೋಗ ಇದನ್ನು ತೀರ್ಮಾನಿಸಿತು. ಬ್ಯಾಕ್ಟೀರಿಯಗಳು ಕೂಡಿದಾಗ ಒಂದರ ಡಿಎನ್‌ಎ ಇನ್ನೊಂದಕ್ಕೆ ಹೋಗುತ್ತದೆ. ಹೀಗೆ ಸರಿಯಾದ ಜೀನ್‌ಗಳನ್ನು, ಅವು ಕೆಟ್ಟಿರುವ ಕೋಶದೊಳಗೆ ಕಳಿಸಿದರು. ಸ್ವಲ್ಪ ಹೊತ್ತು ಕಿಣ್ವ ತಯಾರಾಯಿತು, ಲ್ಯಾಕ್ಟೋಸ್ ಇಲ್ಲದಿದ್ದರೂ. ಆಮೇಲೆ ನಿಂತಿತು. ಸರಿಯಾದ ಜೀನ್ ಒಳಗೆ ಬಂದು, ತನ್ನ ಪ್ರೋಟೀನ್ ತಯಾರಿಸಿ, ಅದು ಹೋಗಿ ಬಾಗಿಲು ಮುಚ್ಚಲು ಅಷ್ಟು ಹೊತ್ತು ಹಿಡಿದಿತ್ತು! ಹಾಗಾಗಿ ಎರಡನೇ ಊಹೆಯೇ ನಿಜ. 'ನಿಲ್ಲಿಸು' ಅನ್ನುವ ಒಬ್ಬ ಕಾವಲುಗಾರ ಇದ್ದಾನೆ.

ಆದರೆ ಇನ್ನೊಂದು ಬಗೆಯ ಕೆಟ್ಟ ಬ್ಯಾಕ್ಟೀರಿಯವೂ ಸಿಕ್ಕಿತು. ಅದೂ ಯಾವಾಗಲೂ ಕಿಣ್ವ ಮಾಡುತ್ತಿತ್ತು. ಅದರೊಳಗೆ ಸರಿಯಾದ ಜೀನ್ ಎಷ್ಟು ಸೇರಿಸಿದರೂ ನಿಲ್ಲಲಿಲ್ಲ. ಯಾಕಿರಬಹುದು? ಬೀಗ ಕೆಟ್ಟರೆ ಹೊಸ ಬೀಗ ತಂದು ಹಾಕಬಹುದು. ಬಾಗಿಲಿನ ಚಿಲಕವೇ ಕಿತ್ತುಹೋಗಿದ್ದರೆ ಎಷ್ಟು ಬೀಗ ತಂದರೇನು, ಬಾಗಿಲು ತೆರೆದೇ ಇರುತ್ತದೆ. ಬೀಗ ಅಂದರೆ ಕಾವಲು ಪ್ರೋಟೀನ್. ಚಿಲಕ ಅಂದರೆ ಜೀನ್‌ನ ಪಕ್ಕದಲ್ಲೇ ಡಿಎನ್‌ಎ ಮೇಲಿರುವ, ಆ ಪ್ರೋಟೀನ್ ಹೋಗಿ ಕೂರುವ ಜಾಗ. ಈ ಜಾಗ ಯಾವ ಪ್ರೋಟೀನನ್ನೂ ತಯಾರಿಸುವುದಿಲ್ಲ. ಅದು ಬರೀ ಸ್ವಿಚ್ಚು. ಡಿಎನ್‌ಎಯಲ್ಲಿ ಕೆಲಸದ ಬರಹ ಒಂದಾದರೆ, ಆ ಕೆಲಸ ಯಾವಾಗ ಎಂಬ ಬರಹ ಬೇರೆಯೇ ಇದೆ ಅಂತ ಗೊತ್ತಾಗಿದ್ದು ಹೀಗೆ. 1961ರಲ್ಲಿ ಜಾಕೋಬ್ ಮತ್ತು ಮೊನೋ ಇದನ್ನು ಬರೆದು ಪ್ರಕಟಿಸಿದರು. ಆಗ ಅವರು ಕಾವಲು ಪ್ರೋಟೀನನ್ನು ಕೈಯಲ್ಲಿ ಹಿಡಿದು ನೋಡಿರಲೇ ಇಲ್ಲ. ಅದನ್ನು ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೋ ಮ್ಯುಲರ್-ಹಿಲ್ ಹೊರತೆಗೆದದ್ದು 1966ರಲ್ಲಿ.

ಈಗ 'ಐಲೆಸ್' ಕಡೆ ಬರೋಣ. ಅದು ಕೆಟ್ಟರೆ ಕಣ್ಣಿಲ್ಲ. ಅಷ್ಟರಿಂದ ಅದು ಫ್ಯೂಸೋ ದೀಪವೋ ಹೇಳಲಾಗುವುದಿಲ್ಲ, ಅಲ್ವಾ? ಅದಕ್ಕೆ ಇನ್ನೊಂದು ಪರೀಕ್ಷೆ ಬೇಕು. ಇರಬಾರದ ಕಡೆ ಅದನ್ನು ದೀಪದಂತೆ ಹಚ್ಚಿ, ಅಂದರೆ ಕೆಲಸ ಶುರುಮಾಡಿಸಿ, ನೋಡುವುದು. 1995ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗ್ ಅವರ ತಂಡ ಈ ಜೀನನ್ನು ನೊಣದ ಕಾಲು, ರೆಕ್ಕೆ, ಮೀಸೆ ಬೆಳೆಯುವ ಕಡೆ ಹಚ್ಚಿತು. ಕಾಲಿನ ಮೇಲೆ ಕಣ್ಣು ಮೂಡಿತು! ಫ್ಯೂಸನ್ನು ಎಲ್ಲಿಟ್ಟರೂ ಬೆಳಕು ಬರುವುದಿಲ್ಲ. ಇದು ಹಾಗಲ್ಲ, 'ಇಲ್ಲೊಂದು ಕಣ್ಣು ಕಟ್ಟಿ' ಅಂತ ಅಪ್ಪಣೆ ಕೊಡುವ ಮೇಸ್ತ್ರಿ.

ಅವರು ಅಲ್ಲಿಗೇ ಬಿಡಲಿಲ್ಲ. ಇಲಿಯಲ್ಲೂ ಇದೇ ಬಗೆಯ ಜೀನ್ ಇದೆ. ಆ ಇಲಿಯ ಜೀನನ್ನು ನೊಣದಲ್ಲಿ ಹಚ್ಚಿದರು. ಮತ್ತೆ ಕಣ್ಣು ಬಂತು. ಎಂಥ ಕಣ್ಣು? ಇಲಿಯದಲ್ಲ, ನೊಣದ ಕಣ್ಣೇ. ಅಪ್ಪಣೆ ಇಲಿಯ ಮೇಸ್ತ್ರಿಯದು, ಕಟ್ಟಿದ ಕೆಲಸಗಾರರು ನೊಣದವರು. ಎರಡು ಪರೀಕ್ಷೆ ಒಟ್ಟಿಗೆ ಇದ್ದಾಗ ಮಾತ್ರ ನಾವು ಸ್ವಲ್ಪ ಧೈರ್ಯದಿಂದ ಮಾತಾಡಬಹುದು. ತೆಗೆದಾಗ ಹೋಗಬೇಕು, ಹಾಕಿದಾಗ ಬರಬೇಕು.

ಉಪಕರಣಗಳ ಬಗ್ಗೆ ಕೇಳುವವರಿಗಾಗಿ ನಾಲ್ಕು ಮಾತು. ಅಕ್ಷರಗಳನ್ನು ಓದುವ ಒಳ್ಳೆಯ ವಿಧಾನ 1977ರಲ್ಲಿ ಫ್ರೆಡರಿಕ್ ಸ್ಯಾಂಗರ್ ಅವರಿಂದ ಬಂತು. ಒಂದು ತುಂಡನ್ನು ದುಪ್ಪಟ್ಟು ಮಾಡುತ್ತಾ ಹೋಗುವ ಪಿಸಿಆರ್ 1983ರಲ್ಲಿ ಕ್ಯಾರಿ ಮಲಿಸ್ ಅವರಿಗೆ ಹೊಳೆಯಿತು. 30 ಸಲ ದುಪ್ಪಟ್ಟಾದರೆ ಒಂದು ತುಂಡು ನೂರು ಕೋಟಿ ದಾಟುತ್ತದೆ. ಜೀನ್ ಎಲ್ಲಿ ಹತ್ತಿದೆ ಅಂತ ಕಣ್ಣಾರೆ ನೋಡಲು ಲೋಳೆಮೀನಿನ ಹಸಿರು ಹೊಳೆಯುವ ಪ್ರೋಟೀನ್ ಇದೆ. ಅದರ ಜೀನನ್ನು ನಮ್ಮ ಜೀನ್‌ನ ಸ್ವಿಚ್ಚಿಗೆ ಕಟ್ಟಿದರೆ ಹತ್ತಿದ ಕಡೆಯೆಲ್ಲ ಹಸಿರು. ಮನುಷ್ಯನ ಪೂರ್ತಿ ಡಿಎನ್‌ಎ ಓದುವ ಯೋಜನೆ 1990ರಲ್ಲಿ ಶುರುವಾಗಿ 2003ರಲ್ಲಿ ಮುಗಿಯಿತು ಅಂದರು. ನಿಜಕ್ಕೂ ಖಾಲಿ ಜಾಗ ತುಂಬಿದ್ದು 2022ರಲ್ಲಿ.

ಕ್ರಿಸ್ಪರ್ ಬಗ್ಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ, ಕೊನೆಯ ಕಥೆಗೆ ಅದು ಬೇಕು. ಬ್ಯಾಕ್ಟೀರಿಯಗಳು ವೈರಸ್‌ಗಳನ್ನು ಕತ್ತರಿಸಲು ಇಟ್ಟುಕೊಂಡ ಕತ್ತರಿ ಅದು. ಒಂದು ಸಣ್ಣ ಆರ್‌ಎನ್‌ಎ ವಿಳಾಸ ಹೇಳುತ್ತದೆ, ಸುಮಾರು 20 ಅಕ್ಷರದ ವಿಳಾಸ. ಕ್ಯಾಸ್9 ಎಂಬ ಪ್ರೋಟೀನ್ ಅಲ್ಲಿಗೆ ಹೋಗಿ ಕತ್ತರಿಸುತ್ತದೆ. ವಿಳಾಸವನ್ನು ನಾವೇ ಬರೆದುಕೊಡಬಹುದು ಅಂತ 2012ರಲ್ಲಿ ಎಮ್ಯಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ತೋರಿಸಿದರು. ಕ್ರಿಸ್ಪರ್ ಅಂದರೆ ಜೀನ್ ರಿಪೇರಿ ಅಂತ ಜನ ತಿಳಿದಿದ್ದಾರೆ. ಆದರೆ ಅದು ಸುಲಭವಾಗಿ ಮಾಡುವುದು ಕೆಡಿಸುವ ಕೆಲಸವನ್ನು. ತುಂಡಾದ ಡಿಎನ್‌ಎಯನ್ನು ಕೋಶ ಅವಸರದಲ್ಲಿ ಅಂಟಿಸಿಕೊಳ್ಳುತ್ತದೆ. ಆ ಅವಸರದಲ್ಲಿ ಒಂದೆರಡು ಅಕ್ಷರ ಬಿಟ್ಟುಹೋಗುತ್ತದೆ ಅಥವಾ ಸೇರಿಕೊಳ್ಳುತ್ತದೆ. ಒಂದು ಅಕ್ಷರ ಹೋದರೆ ಏನಾಗುತ್ತದೆ ಅಂತ ನಮ್ಮ ನರಿಯ ವಾಕ್ಯದಲ್ಲಿ ನೋಡಿದ್ದೀರಿ.

ಕೊನೆಯ ಕಥೆ ಸಿಕಲ್ ಸೆಲ್ ಕಾಯಿಲೆಯದು. ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್ ಹಿಮೋಗ್ಲೋಬಿನ್. ಅದರ ಬೀಟಾ ಎಂಬ ಭಾಗದಲ್ಲಿ 146 ಅಮೈನೋ ಆಮ್ಲಗಳು. ಆರನೆಯ ಜಾಗದ ಪದ 'ಜಿಎಜಿ'. ಈ ಕಾಯಿಲೆಯವರಲ್ಲಿ ಅದು 'ಜಿಟಿಜಿ' ಆಗಿರುತ್ತದೆ. ಒಂದೇ ಅಕ್ಷರ. ಅದರಿಂದ ಒಂದು ಅಮೈನೋ ಆಮ್ಲ ಬದಲಾಗುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಕಡ್ಡಿಗಳಾಗುತ್ತದೆ. ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನೋವು ಹೇಳತೀರದು. ಕಾಯಿಲೆ ಹಿಮೋಗ್ಲೋಬಿನ್ ಅಣುವಿನಲ್ಲೇ ಇದೆ ಅಂತ ಲೈನಸ್ ಪಾಲಿಂಗ್ ತಂಡ ತೋರಿಸಿದ್ದು 1949ರಲ್ಲಿ. ಬದಲಾದದ್ದು ಇಂಥ ಅಮೈನೋ ಆಮ್ಲ ಅಂತ ವರ್ನನ್ ಇನ್‌ಗ್ರಾಮ್ ಕಂಡುಹಿಡಿದದ್ದು ಅದಾಗಿ ಏಳೆಂಟು ವರ್ಷಕ್ಕೆ. ಅಂದರೆ ತಪ್ಪು ಎಲ್ಲಿದೆ ಅಂತ ಗೊತ್ತಾಗಿ ಆರು ದಶಕ ದಾಟಿದರೂ ಅದನ್ನು ತಿದ್ದಲು ಆಗಿರಲಿಲ್ಲ.

ಆದರೆ 1948ರಲ್ಲೇ ಜಾನೆಟ್ ವಾಟ್ಸನ್ ಎಂಬ ಮಕ್ಕಳ ವೈದ್ಯೆ ಒಂದು ವಿಷಯ ಗಮನಿಸಿದ್ದರು. ಈ ಕಾಯಿಲೆ ಇರುವ ಹಸುಗೂಸುಗಳ ರಕ್ತಕಣ ಅಷ್ಟಾಗಿ ಬಾಗುವುದಿಲ್ಲ. ಕಾರಣ ಇಷ್ಟೇ: ಹೊಟ್ಟೆಯೊಳಗಿರುವಾಗ ಮಗು ಬೇರೆ ಹಿಮೋಗ್ಲೋಬಿನ್ ಬಳಸುತ್ತದೆ, ಅದಕ್ಕೆ ಬೇರೆ ಜೀನ್. ಹುಟ್ಟಿದ ಮೇಲೆ ಕೆಲವು ತಿಂಗಳಲ್ಲಿ ಆ ಜೀನ್ ಮುಚ್ಚಿಕೊಳ್ಳುತ್ತದೆ, ದೊಡ್ಡವರದ್ದು ತೆರೆದುಕೊಳ್ಳುತ್ತದೆ. ಕೆಲವು ಅಪರೂಪದ ಮಂದಿಯಲ್ಲಿ ಮಾತ್ರ ಮುಚ್ಚುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ಅಂಥವರಿಗೆ ಸಿಕಲ್ ಸೆಲ್ ಇದ್ದರೂ ತೊಂದರೆ ಬಹಳ ಕಡಿಮೆ. ಒಂದು ಕೆಟ್ಟದ್ದು ಇನ್ನೊಂದು ಕೆಟ್ಟದ್ದನ್ನು ಕಾಯುತ್ತಿದೆ.

ಹಾಗಾದರೆ ಮುಚ್ಚುವುದು ಯಾರು? ಬಿಸಿಎಲ್11ಎ ಎಂಬ ಪ್ರೋಟೀನ್ ಅಂತ 2008ರಲ್ಲಿ ಸ್ಟುವರ್ಟ್ ಓರ್ಕಿನ್ ತಂಡ ತೋರಿಸಿತು. ಮೊನೋ ಅವರ ಕಾವಲುಗಾರನ ದೂರದ ಜಾತಿಯವನು ಅನ್ನಿ. ಅವನನ್ನು ತೆಗೆದುಬಿಡೋಣವೇ? ಆಗುವುದಿಲ್ಲ. ಅದೇ ಪ್ರೋಟೀನ್ ಮೆದುಳಿನಲ್ಲೂ ರೋಗನಿರೋಧಕ ಕೋಶಗಳಲ್ಲೂ ಬೇಕು. ಆದರೆ ಆ ಜೀನ್‌ಗೆ ಬೇರೆ ಬೇರೆ ಕಡೆ ಬೇರೆ ಬೇರೆ ಸ್ವಿಚ್ಚುಗಳಿವೆ. ಅದರಲ್ಲಿ ಒಂದು ಕೆಂಪು ರಕ್ತಕಣದ ಸಾಲಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅದು ಪ್ರೋಟೀನಿನ ಬರಹ ಇಲ್ಲದ ಆ ಮಿಕ್ಕ ಭಾಗದಲ್ಲಿದೆ. ಆಗ ಬಾಕಿ ಇಟ್ಟಿದ್ದ ಉತ್ತರ ಇದು.

ಚಿಕಿತ್ಸೆ ಹೀಗೆ. ರೋಗಿಯ ರಕ್ತದ ಮೂಲಕೋಶಗಳನ್ನು, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಕೋಶಗಳನ್ನು, ಹೊರತೆಗೆಯುತ್ತಾರೆ. ಕ್ರಿಸ್ಪರ್‌ನಿಂದ ಆ ಒಂದು ಸ್ವಿಚ್ಚನ್ನು ಕೆಡಿಸುತ್ತಾರೆ. ಮಜ್ಜೆಯಲ್ಲಿರುವ ಹಳೆಯ ಕೋಶಗಳನ್ನು ಕಠಿಣ ಔಷಧ ಕೊಟ್ಟು ಖಾಲಿ ಮಾಡಿ, ಹೊಸದನ್ನು ಒಳಗೆ ಬಿಡುತ್ತಾರೆ. ಈ ಹಂತ ಸುಲಭದ್ದಲ್ಲ, ವಾರಗಟ್ಟಲೆ ಆಸ್ಪತ್ರೆಯಲ್ಲಿ ಇರಬೇಕು. ಕಾವಲುಗಾರ ಇಲ್ಲದ ಕಾರಣ ಹಸುಗೂಸಿನ ಹಿಮೋಗ್ಲೋಬಿನ್ ಮತ್ತೆ ತಯಾರಾಗುತ್ತದೆ. 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟವು. ಮನುಷ್ಯರ ಚಿಕಿತ್ಸೆಗೆ ಒಪ್ಪಿಗೆ ಪಡೆದ ಮೊದಲ ಕ್ರಿಸ್ಪರ್ ಔಷಧ ರಿಪೇರಿ ಮಾಡುವುದಿಲ್ಲ, ಕೆಡಿಸುತ್ತದೆ.

ಮುಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ: ಹಾಗಾದರೆ ಅವರ ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲವೇ? ಒಳ್ಳೆಯ ಪ್ರಶ್ನೆ. ಬದಲಾದದ್ದು ರಕ್ತದ ಮೂಲಕೋಶಗಳು ಮಾತ್ರ. ಅಂಡ, ವೀರ್ಯವನ್ನು ಯಾರೂ ಮುಟ್ಟಿಲ್ಲ. ರಕ್ತದ ಕೋಶಗಳಲ್ಲೂ ಸ್ವಿಚ್ಚು ಕೆಟ್ಟಿದೆಯೇ ಹೊರತು 'ಜಿಟಿಜಿ' ಈಗಲೂ 'ಜಿಟಿಜಿ'ಯಾಗಿಯೇ ಇದೆ. ಮಗುವಿಗೆ ಆ ಅಕ್ಷರ ಮೊದಲಿನಂತೆಯೇ ಹೋಗುತ್ತದೆ. ಇನ್ನೊಬ್ಬ ಪೋಷಕರಿಂದ ಸರಿಯಾದ ಪ್ರತಿ ಬಂದರೆ ಮಗುವಿಗೆ ಸಾಮಾನ್ಯವಾಗಿ ಕಾಯಿಲೆ ಕಾಣಿಸುವುದಿಲ್ಲ. ಅವರಿಂದಲೂ ಕೆಟ್ಟದ್ದೇ ಬಂದರೆ ಕಾಣಿಸುತ್ತದೆ.